ಹೊಂಗೆಕೊಪ್ಪಲು ಇಲ್ಲೇ ಇದೆ

ಮಳವಳ್ಳಿಯಿಂದ ಮುತ್ತತ್ತಿಯ ದಿಕ್ಕಿಗೆ ಮುಖಮಾಡಿ ನಡೆದವರು ದಾರಿಯಲ್ಲಿ ಯಾರನ್ನಾದರೂ ನಿಲ್ಲಿಸಿ, ಹೊಂಗೆಕೊಪ್ಪಲು ಎಷ್ಟು ದೂರ ಎಂದು ಕೇಳಿದರೆ, ಬರುತ್ತಿದ್ದ ಉತ್ತರ ಒಂದೇ: "ಇಲ್ಲೇಯ, ಒಂದು ಕೂಗಳತೆ." ಮಳವಳ್ಳಿಯ ಸಂತೆಮಾಳದಲ್ಲಿ ನಿಂತು ಕೇಳಿದರೂ ಅದೇ, ಕೊಪ್ಪಲಿನ ಮೊದಲ ಹುಲ್ಲುಮೆದೆ ಕಣ್ಣಿಗೆ ಬಿದ್ದ ಮೇಲೆ ಕೇಳಿದರೂ ಅದೇ. ಒಬ್ಬ ಕೂಗಿದರೆ ಇನ್ನೊಬ್ಬನಿಗೆ ಕೇಳಿಸುವ ದೂರಕ್ಕೆ ಕೂಗಳತೆ ಎಂದು ಹೆಸರು. ಮಳವಳ್ಳಿಯಿಂದ ಕೊಪ್ಪಲಿಗೆ ಕೇಳಿಸುವಂತೆ ಕೂಗಬಲ್ಲ ಗಂಟಲಿನವರು ಆ ಸೀಮೆಯಲ್ಲಿ ಹುಟ್ಟಿದ್ದನ್ನು ಯಾರೂ ನೆನಪಿಟ್ಟಿಲ್ಲ.

ಇದನ್ನು ಸುಳ್ಳೆಂದು ತಿಳಿಯಬಾರದು. ಬಾಯಾರಿ ಬಂದವನಿಗೆ ನೀರು, ನಡೆದು ಬಂದವನಿಗೆ "ಇಲ್ಲೇ" ಎಂಬ ಮಾತು, ಇವೆರಡನ್ನು ಇಲ್ಲವೆನ್ನುವುದು ಅಲ್ಲಿ ದೋಷ. ನಡೆಯುವವನ ಕಾಲು ಮೊದಲು ಸೋಲುವುದು ಕಿವಿಯಲ್ಲಿ ಎಂದು ಹಿರಿಯರು ತಿಳಿದಿದ್ದರು. ದೂರವನ್ನು ಉಳಿಸಿಕೊಳ್ಳದೆ ಪೂರ್ತಿ ಹೇಳಿಬಿಟ್ಟವನ ಮೈಗೆ ಆ ದಾರಿಯ ಆಯಾಸವೆಲ್ಲ ಬಂದು ಅಂಟಿಕೊಳ್ಳುತ್ತದೆ ಎಂದೂ ನಂಬಿದ್ದರು. ಹೀಗೆ ತಲೆತಲಾಂತರದಿಂದ ನಡೆದು ಬಂದ ಈ ಧರ್ಮಕ್ಕೆ, ಮಂಡ್ಯ ಬೇರೆ ಜಿಲ್ಲೆಯಾದ ಮೂರನೆಯ ವರ್ಷದಲ್ಲಿ, ಒಂದು ಸರ್ಕಾರಿ ಕಾಗದದಿಂದ ಸಂಕಟ ಬಂತು.

ಕಾಗದವನ್ನು ಪಟೇಲ ಕೆಂಪಸಿದ್ದಯ್ಯ ತಮ್ಮ ಜಗಲಿಯ ಮೇಲೆ ಕುಳಿತು ಎರಡು ಸಲ ಓದಿದರು. ಒಮ್ಮೆ ತಮಗಾಗಿ, ಒಮ್ಮೆ ಊರಿಗಾಗಿ. ತಾಲ್ಲೂಕಿನ ಆಸ್ಪತ್ರೆಯಿಂದ ಏಳು ಮೈಲಿಗೆ ಮೀರಿದ ಹಳ್ಳಿಗೆ ಹೆರಿಗೆ ಮಾಡಿಸಲು ಒಬ್ಬ ನರ್ಸಮ್ಮನನ್ನು ಕೊಡಬಹುದಾಗಿದೆ. ಊರಿನವರ ಅರ್ಜಿಯಲ್ಲಿ ದೂರ ಒಂಬತ್ತು ಮೈಲಿ ಎಂದಿದೆ. ಕಚೇರಿಯ ನಕಾಶೆಯಲ್ಲಿ ನಾಲ್ಕೂವರೆ ಎಂದು ಕಾಣುತ್ತದೆ. ನಕಾಶೆಯ ಗೆರೆಗೆ ಗುಡ್ಡ ಬಳಸುವ, ಹಳ್ಳ ಇಳಿಯುವ ಕಷ್ಟವಿಲ್ಲವೆಂಬುದು ಕಚೇರಿಗೂ ತಿಳಿದಿತ್ತು. ಸರಪಳಿ ಹಿಡಿದು ಅಳೆಯುವವರು ಬರುವುದು ಮುಂದಿನ ಬೇಸಿಗೆಗೆ. ಅಲ್ಲಿಯವರೆಗೆ ಕಾಯದೆ ಒಬ್ಬ ಗುಮಾಸ್ತೆಯವರು ಬಂದು, ದಾರಿಯಲ್ಲಿ ಸಿಕ್ಕುವ ಜನರನ್ನು ಕೇಳಿ, ಅವರು ಹೇಳಿದ ದೂರವನ್ನು ಬರೆದುಕೊಂಡು ಹೋಗುವರು. ಆ ಬರಹದಂತೆ ತೀರ್ಮಾನ.

"ಬರ್ಲಿ ಕಣಪ್ಪ," ಎಂದಳು ಸೂಲಗಿತ್ತಿ ಬೀರಮ್ಮ. ಆ ಜಗಲಿಯ ಮೇಲೂ ಕೆಳಗೂ ಕುಳಿತಿದ್ದವರಲ್ಲಿ ಮುಕ್ಕಾಲು ಮಂದಿ ಅವಳ ಕೈಯಲ್ಲಿ ಹುಟ್ಟಿದವರು. "ನನ್ ಕಣ್ಣು ಮಂಜಾಗವೆ. ಓದ ತಿಂಗ್ಳು ಉಟ್ಟಿದ್ ಕೂಸು ಎಣ್ಣೋ ಗಂಡೋ ಅಂತ ಅವ್ರವ್ವನ್ನೇ ಕೇಳ್ದೆ. ಇನ್ ನನ್ ನಂಬ್ಕೊಂಡ್ರೆ ಕೆಟ್ಟೀರಿ."

ಗುಮಾಸ್ತೆಯವರನ್ನು ಮಳವಳ್ಳಿಯಿಂದ ಕರೆತರಲು ಯಾರಾದರೂ ಹೋಗಬೇಕಿತ್ತು. ಯಾರು ಎಂದು ಪಟೇಲರು ಕೇಳಿ ಮುಗಿಸುವ ಮೊದಲೇ ಚಿಕ್ಕಬೋರಯ್ಯ ಎದ್ದು ನಿಂತಿದ್ದ.

"ನಾನ್ ಓಯ್ತೀನಿ. ಮೂವತ್ತು ವರ್ಸದಿಂದ ವಾರವಾರ ಸಂತೆಗೆ ಓಗವ್ನು ನಾನು. ಆ ದಾರಿ ಕಲ್ಲುಕಲ್ಲಿಗೂ ನನ್ ಗುರ್ತದೆ."

"ಇಲ್ದೆ ಏನು," ಎಂದ ಹುಚ್ಚೀರಯ್ಯ. ಅವನಿಗೂ ಚಿಕ್ಕಬೋರಯ್ಯನಿಗೂ ಹೊಲದ ಬದು ಒಂದೇ, ಆದ್ದರಿಂದ ಮಾತು ಎಂದೂ ನೇರವಾಗಿ ಬರುತ್ತಿರಲಿಲ್ಲ. "ಒಂದೊಂದ್ ಕಲ್ಲಿಗೂ ಎಡವಿದ್ದೀಯಲ್ಲ, ಗುರ್ತಿಲ್ದೆ ಇರ್ತದಾ."

ಜನ ನಕ್ಕರು. ಚಿಕ್ಕಬೋರಯ್ಯ ನಗಲಿಲ್ಲ. ಅವನ ಕಿರಿಯ ಮಗಳು ಚಿಕ್ಕನಂಜಮ್ಮ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಕಾರ್ತಿಕಕ್ಕೆ ದಿನ ತುಂಬುತ್ತಿತ್ತು. ಹಿರಿಯವಳು ಚಿಕ್ಕಮಾದಮ್ಮನೂ ಎರಡು ವರ್ಷದ ಹಿಂದೆ ಹೀಗೆಯೇ ಬಂದಿದ್ದಳು. ಬೀರಮ್ಮನ ಕೈ ಮೀರಿದಾಗ ಅವಳನ್ನು ಗಾಡಿಯಲ್ಲಿ ಮಲಗಿಸಿ ಮಳವಳ್ಳಿಗೆ ಹೊರಡಿಸಿದ್ದರು. ಅದನ್ನು ಊರು ಆಡುತ್ತಿರಲಿಲ್ಲ. ಆದ್ದರಿಂದ ಹುಚ್ಚೀರಯ್ಯನೂ ಮಾತನ್ನು ಮುಂದಕ್ಕೆ ಬೆಳೆಸಲಿಲ್ಲ.

ಪಟೇಲರು ಚಿಕ್ಕಬೋರಯ್ಯನನ್ನು ಹತ್ತಿರ ಕರೆದರು. "ನೋಡ್ಲಾ. ಅವ್ರು ಎಲ್ ಕೇಳುದ್ರೂ ಒಂಬತ್ ಮೈಲಿ ಅನ್ನು. ದಾರೀಲಿ ಸಿಕ್ಕೋರ್ಗೂ ಮುಂಚೇನೇ ಯೋಳಿಟ್ಟು ಓಗು. ಬ್ಯಾರೆ ಮಾತೇ ಆಡ್ಬ್ಯಾಡ."

"ಊಟ ಆಯ್ತಾ ಅಂತ ಕೇಳುದ್ರೆ?"

ಪಟೇಲರು ಅವನ ಹೆಗಲಿನ ಟವಲನ್ನು ಎಳೆದುಕೊಂಡು, ಮರೆಯದಿರಲೆಂದು, ಅದರ ಅಂಚಿನಲ್ಲಿ ಒಂಬತ್ತು ಗಂಟು ಹಾಕಿ ಕೊಟ್ಟರು.

ನಿಗದಿಯಾದ ದಿನ ಮೊದಲ ಬೆಳಕಿಗೆ ಚಿಕ್ಕಬೋರಯ್ಯ ಹೊರಟ. ದಾರಿಯುದ್ದಕ್ಕೂ ಸಿಕ್ಕವರಿಗೆಲ್ಲ ಗಂಟು ತೋರಿಸಿ ಒಂಬತ್ತು ಎಂದು ಒಪ್ಪಿಸಿದ. ಕುರಿ ಬಿಡುತ್ತಿದ್ದ ಕರಿಸಿದ್ದಯ್ಯ ಮುತ್ತತ್ತಿ ಆಂಜನೇಯನ ಮೇಲೆ ಆಣೆಯಿಟ್ಟು ಒಂಬತ್ತಕ್ಕೆ ಒಪ್ಪಿದ. ಹುಲ್ಲಿಗೆ ಹೊರಟಿದ್ದ ಸಣ್ಣತಾಯಮ್ಮ, ಬೇಕಾದರೆ ಹತ್ತು ಎನ್ನುವೆನೆಂದಳು. ಬೇಡವೆಂದು ಅವಳನ್ನು ಒಂಬತ್ತಕ್ಕೆ ಇಳಿಸಲು ಸ್ವಲ್ಪ ಹೊತ್ತು ಹಿಡಿಯಿತು. ಮಳವಳ್ಳಿ ಮುಟ್ಟುವ ಹೊತ್ತಿಗೆ ಹನ್ನೊಂದು ಮಂದಿ ಸಿದ್ಧರಾಗಿದ್ದರು. ಒಂದು ಕೆಲಸವನ್ನು ಇಷ್ಟು ಅಚ್ಚುಕಟ್ಟಾಗಿ ತಾನು ಎಂದೂ ಮಾಡಿರಲಿಲ್ಲವೆಂದು ಅವನಿಗೆ ಅನ್ನಿಸಿತು.

ಗುಮಾಸ್ತೆ ತಿರುನಾರಾಯಣ ಅಯ್ಯಂಗಾರರು ಛತ್ರದ ಬಾಗಿಲಲ್ಲಿ ಕಾದಿದ್ದರು. ಮುಚ್ಚು ಕೋಟು, ಕಚ್ಚೆಪಂಚೆ, ಕಂಕುಳಲ್ಲಿ ಛತ್ರಿ, ಎದೆಯ ಜೇಬಿನಲ್ಲಿ ನೋಟುಪುಸ್ತಕ. ಕಾಲಿನಲ್ಲಿ ಈ ವಿಚಾರಣೆಗೆಂದೇ ಮಂಡ್ಯದಲ್ಲಿ ಕೊಂಡ ಹೊಸ ಬೂಟು. ಗಾಡಿ ಬೇಡವೆಂದವರು ಅವರೇ. ಗಾಡಿಯಲ್ಲಿ ಕೂತರೆ ಗಾಡಿಯವನೊಬ್ಬನೇ ಸಾಕ್ಷಿಯಾಗುತ್ತಾನೆ, ದಾರಿಯವರು ಸಿಕ್ಕುವುದಿಲ್ಲ ಎಂಬುದು ಅವರ ಅಭಿಪ್ರಾಯ. ತಪ್ಪು ಬರೆದರೆ ನಿದ್ರೆ ಬಾರದ ಜಾತಿಯ ನೌಕರರು ಅವರು.

ಪಟ್ಟಣದ ಕೊನೆಯ ಮನೆ ದಾಟಿದ ಕೂಡಲೆ ಅಯ್ಯಂಗಾರರು ಪೆನ್ಸಿಲು ತೆಗೆದರು. "ಏನಯ್ಯ ಚಿಕ್ಕಬೋರಯ್ಯ, ಮೊದಲನೇ ಹೇಳಿಕೆ ನಿನ್ನದೇ ಆಗಲಿ. ನಿಮ್ಮೂರು ಎಷ್ಟು ದೂರ ಇದೆ?"

ಚಿಕ್ಕಬೋರಯ್ಯ ಟವಲಿನ ಗಂಟುಗಳನ್ನು ಗಟ್ಟಿಯಾಗಿ ಹಿಡಿದುಕೊಂಡು ಬಾಯಿ ತೆರೆದ. ಆಗ ಅವನ ಕಣ್ಣು ಆ ಬೂಟಿನ ಮೇಲೆ ಬಿತ್ತು. ಇನ್ನೂ ಮಡಿಕೆ ಬೀಳದ ಚರ್ಮ. ಅದರ ಮೇಲೆ, ಹೊಲ ಕಾಣದ, ಬಿಳಿಚಿಕೊಂಡ ಎರಡು ಕಣಕಾಲು. ಈ ಕಾಲಿಗೆ ಒಂಬತ್ತು ಮೈಲಿ ಎಂದು ಹೇಳುವುದು ಹೇಗೆ?

"ಇಲ್ಲೇಯ ಬುದ್ಧಿ," ಎಂದ.

ಅಯ್ಯಂಗಾರರು ಸಂತೋಷಪಟ್ಟು ಬರೆದುಕೊಂಡರು: ಒಂಬತ್ತು ಗಂಟೆ ನಲವತ್ತು ನಿಮಿಷ; ಚಿಕ್ಕಬೋರಯ್ಯ, ಬೇಸಾಯ; "ಇಲ್ಲೇಯ".

ತಾನು ತಪ್ಪಿದರೂ ಉಳಿದವರಿದ್ದಾರಲ್ಲ ಎಂದು ಚಿಕ್ಕಬೋರಯ್ಯ ಧೈರ್ಯ ತಂದುಕೊಂಡ. ಉಳಿದವರು ಒಬ್ಬೊಬ್ಬರಾಗಿ ಎದುರಾದರು, ಒಬ್ಬೊಬ್ಬರಾಗಿ ತಪ್ಪಿದರು. ಎರಡನೆಯ ಮೈಲಿಯವನು "ಇಲ್ಲೇ" ಎಂದ. ಮೂರನೆಯ ಮೈಲಿಯವನು "ಬಂದ್ಬುಡ್ತು" ಎಂದ. ದಿಣ್ಣೆಯ ಬುಡದಲ್ಲಿ ಅಯ್ಯಂಗಾರರು ಒಂದು ಕಲ್ಲಿನ ಮೇಲೆ ಕುಳಿತು ಬೂಟು ಕಳಚಿ ಹರಳು ಕೊಡವುತ್ತಿದ್ದಾಗ ಕುರಿಗಳ ಹಿಂದೆ ಕರಿಸಿದ್ದಯ್ಯ ಬಂದ. ಚಿಕ್ಕಬೋರಯ್ಯ ಅಯ್ಯಂಗಾರರ ಬೆನ್ನ ಹಿಂದೆ ನಿಂತು ಎರಡೂ ಕೈಯೆತ್ತಿ, ಒಂದು ಬೆರಳು ಮಡಚಿ, ಒಂಬತ್ತು ತೋರಿಸಿದ. ಕರಿಸಿದ್ದಯ್ಯ ಬೆರಳುಗಳನ್ನು ನೋಡಿದ. ನೋಡಿ ತಲೆದೂಗಿದ. ಆಮೇಲೆ ಅಯ್ಯಂಗಾರರ ಕಾಲಿನ, ರಕ್ತ ಜಿನುಗುತ್ತಿದ್ದ ಹೆಬ್ಬೆರಳನ್ನು ನೋಡಿದ.

"ಇಲ್ಲೇ ಬುದ್ಧಿ. ಈ ದಿಣ್ಣೆ ಅತ್ತಿ ಇಳುದ್ರೆ ಊರೊಳಗೇ ಕಾಲು."

ಅಯ್ಯಂಗಾರರು ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ ಚಿಕ್ಕಬೋರಯ್ಯ ಅವನ ಕಂಬಳಿ ಹಿಡಿದು ನಿಲ್ಲಿಸಿದ. "ಬೆಳಿಗ್ಗೆ ಆಂಜನೇಯನ್ ಮೇಲೆ ಆಣೆ ಇಟ್ಟಿದ್ದಲ್ಲೋ."

"ಇಟ್ಟಿದ್ದೆ ಕಣ್ಲಾ. ಆದ್ರೆ ಬೆಳಿಗ್ಗೆ ನೀನು ಗಂಟು ತೋರುಸ್ದೆ, ಕಾಲು ತೋರುಸ್ಲಿಲ್ಲ."

ಸಣ್ಣತಾಯಮ್ಮ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಎದುರಿಗೆ ಬಂದಾಗ ಅಯ್ಯಂಗಾರರ ದನಿ ಕುಗ್ಗಿತ್ತು. "ತಾಯಿ, ನೀವಾದರೂ ಹೇಳಿ. ಇನ್ನೆಷ್ಟು ದೂರ?" ಹತ್ತು ಮೈಲಿಗೂ ಸಿದ್ಧವಾಗಿದ್ದ ಹೆಂಗಸು ಒಂದು ಗಳಿಗೆ ಚಿಕ್ಕಬೋರಯ್ಯನ ಮುಖವನ್ನು ನೋಡಿದಳು. ತಾಯಿ ಎಂದು ಕರೆದವರಿಗೆ ಹೇಗೆ ಹೇಳಲಿ ಎಂದು ಆ ನೋಟ ಕೇಳಿತು.

"ಇಲ್ಲೇ ಕಣಪ್ಪ. ಒಲೆ ಮೇಲಿಟ್ಟ ಇಟ್ಟು ಬೇಯೋದ್ರೊಳಗೆ ಓಗಿ ಸೇರ್ಕತೀರಿ."

ಹಿಟ್ಟು ಬೇಯಲು ಎಷ್ಟು ಹೊತ್ತು ಬೇಕೆಂದು ಅಯ್ಯಂಗಾರರು ಕೇಳಿ ತಿಳಿದು, ಅದನ್ನೂ ಬರೆದುಕೊಂಡರು.

ಐದು ಮೈಲಿ ಕಳೆದ ಮೇಲೆ ದಾರಿಯ ಪಕ್ಕಕ್ಕೆ ಒಂದು ದೊಡ್ಡ ಹುಣಸೆಮರ. ಅಯ್ಯಂಗಾರರು ಅದರ ಬೇರಿನ ಮೇಲೆ ಕುಸಿದು ಕುಳಿತರು. ಚಿಕ್ಕಬೋರಯ್ಯ ಮರದ ನೆರಳಿಗೆ ಬರಲಿಲ್ಲ. ಬಿಸಿಲಿನಲ್ಲೇ, ಮರಕ್ಕೆ ಬೆನ್ನುಮಾಡಿ ನಿಂತ.

ತುಸು ಹೊತ್ತಿನ ಮೇಲೆ ಅಯ್ಯಂಗಾರರು ಸಂಕೋಚದಿಂದ ಕೆಮ್ಮಿದರು. "ನಿನ್ನ ಟವಲಿನಲ್ಲಿ ಅಷ್ಟೊಂದು ಗಂಟು ಕಟ್ಟಿದೀಯಲ್ಲ, ಏನಯ್ಯ ಅದು?"

ನಿಜ ಹೇಳುವಂತಿರಲಿಲ್ಲ. "ಕಡ್ಲೆ ಬುದ್ಧಿ," ಎಂದುಬಿಟ್ಟ.

"ಹುರಿದದ್ದೋ?"

"ಊಂ, ಉರುದಿದ್ದೇಯ."

"ಹುರಿದದ್ದಕ್ಕೆ ದೋಷವಿಲ್ಲ," ಎಂದು ಅಯ್ಯಂಗಾರರು ಅಂಗೈ ಚಾಚಿದರು.

ಚಿಕ್ಕಬೋರಯ್ಯ ಮೊದಲ ಗಂಟನ್ನು ಬಿಚ್ಚಿದ. ಇಲ್ಲದ್ದಕ್ಕೆ ತಾನೂ ಆಶ್ಚರ್ಯಪಟ್ಟವನಂತೆ ಎರಡನೆಯದನ್ನು ಬಿಚ್ಚಿದ. ಹೀಗೆ ಒಂಬತ್ತನ್ನೂ ಒಂದಾದ ಮೇಲೊಂದು ಬಿಚ್ಚಿ, ಕೊನೆಗೆ ಟವಲನ್ನು ಒಮ್ಮೆ ಕೊಡವಿದ. ಅಯ್ಯಂಗಾರರು ಚಾಚಿದ ಕೈಯನ್ನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡರು. ಅಲ್ಲಿಂದ ಕೊಪ್ಪಲಿನವರೆಗೆ ಎದುರಾದವರೂ ಕೇಳಿದಾಗಲೆಲ್ಲ "ಇಲ್ಲೇ" ಎಂದರು.

ಊರು ಮುಟ್ಟಿದಾಗ ಹೊತ್ತು ಇಳಿದಿತ್ತು. ಪಟೇಲರ ಜಗಲಿಯಲ್ಲಿ ಬಿಸಿನೀರಿಗೆ ಉಪ್ಪು ಹಾಕಿ, ಅದರಲ್ಲಿ ಪಾದಗಳನ್ನಿಳಿಸಿ, ಅಯ್ಯಂಗಾರರು ನೋಟುಪುಸ್ತಕ ತೆರೆದರು. ಊರಿಗೆ ಊರೇ ಮುಂದೆ ಕುಳಿತಿತ್ತು.

"ಹನ್ನೆರಡು ಮಂದಿ," ಎಂದರು. "ಹನ್ನೆರಡು ಮಂದಿಯೂ ಒಂದೇ ಮಾತು ಹೇಳಿದಾರೆ. ಊರು ಇಲ್ಲೇ ಇದೆ. ನನ್ನ ಹದಿನೆಂಟು ವರ್ಷದ ನೌಕರಿಯಲ್ಲಿ ಇಷ್ಟು ಒಮ್ಮತದ ಸಾಕ್ಷ್ಯ ನೋಡಿರಲಿಲ್ಲ ಪಟೇಲರೆ."

ಪಟೇಲರು ಚಿಕ್ಕಬೋರಯ್ಯನ ಕಡೆಗೆ ತಿರುಗಿದರು. ಚಿಕ್ಕಬೋರಯ್ಯ ಕಂಬದ ಮರೆಗೆ ಸರಿದ.

"ನೀನೂ ಅಂಗೇ ಅಂದ್ಯೇನ್ಲಾ?"

"ಮೊದಲು ಹೇಳಿದವನೇ ಅವನು," ಎಂದರು ಅಯ್ಯಂಗಾರರು.

"ಒಳ್ಳೇದಾಯ್ತು ಬುಡಿ," ಎಂದ ಹುಚ್ಚೀರಯ್ಯ. "ಇನ್ಮೇಲೆ ಮಳವಳ್ಳಿ ಸಂತೆ ನಮ್ ಕಣದಾಗೇ ಕೂಡ್ತದೆ. ಇಲ್ಲಿಂದ್ಲೇ ಕೂಗಿ ವ್ಯಾಪಾರ ಮಾಡುದ್ರಾಯ್ತು."

"ಸ್ವಾಮಿ," ಎಂದು ಪಟೇಲರು ಕೈಮುಗಿದರು, "ನೀವೇ ನಡ್ಕಂಡ್ ಬಂದ್ರಿ. ನಿಮ್ ಕಾಲು ಏನಂತದೆ?"

ಅಯ್ಯಂಗಾರರು ನೀರಿನಲ್ಲಿದ್ದ ತಮ್ಮ ಪಾದಗಳನ್ನು ನೋಡಿಕೊಂಡರು. "ಕಾಲು ಹೇಳುತ್ತಿರುವುದನ್ನು ಮರ್ಯಾದಸ್ಥರು ಬರೆಯುವ ಹಾಗಿಲ್ಲ. ಫೈಲಿಗೆ ಹೋಗುವುದು ಕಾಲಲ್ಲ ಪಟೇಲರೆ, ಕಾಗದ. ಊರಿನ ಅರ್ಜಿದಾರರ ಮಾತು ಹೇಗೂ ಆಗಲೇ ಫೈಲಿನಲ್ಲಿದೆ. ಅದನ್ನು ನಂಬದೆ ತಾನೇ ನನ್ನನ್ನು ಕಳಿಸಿದ್ದು." ಸ್ವಲ್ಪ ಯೋಚಿಸಿ ಮತ್ತೆ ಹೇಳಿದರು. "ಒಂದೇ ದಾರಿ ಇದೆ. ದಾರಿಯಲ್ಲಿ ಹೇಳಿಕೆ ಕೊಟ್ಟವನು ತಾನೇ ಬಂದು ಅದನ್ನು ತಿದ್ದಬಹುದು. ಆದರೆ ಮೊದಲು ಯಾಕೆ ಹಾಗೆ ಹೇಳಿದೆ ಅನ್ನುವುದಕ್ಕೆ ಕಾರಣ ಕೊಡಬೇಕು. ಕಾರಣ ಸಮರ್ಪಕವಾಗಿರಬೇಕು."

ಹೇಳಿಕೆ ಕೊಟ್ಟವರಲ್ಲಿ ಹನ್ನೊಂದು ಮಂದಿ ಕುರಿ, ಹುಲ್ಲು, ಹೊಲ ಎಂದು ದಾರಿಯ ಮೇಲೆಯೇ ಉಳಿದಿದ್ದರು. ಅಲ್ಲಿದ್ದವನು ಒಬ್ಬನೇ. ಊರಿನ ಕಣ್ಣೆಲ್ಲ ಕಂಬದ ಮರೆಗೆ ಹೋಯಿತು.

ಚಿಕ್ಕಬೋರಯ್ಯ ಹೊರಗೆ ಬಂದು ನಿಂತ. ಟವಲಿನ ಅಂಚನ್ನು ತಡವಿದ. ಗಂಟು ಒಂದೂ ಇರಲಿಲ್ಲ.

"ಯಾಕಯ್ಯ ಇಲ್ಲೇ ಅಂದೆ?"

"ನಡೆಯೋರ್ಗೆ ಅಂಗೇ ಅನ್ನೋದು ಬುದ್ಧಿ."

"ಅದು ವಾಡಿಕೆ. ಕಾರಣ ಅಲ್ಲ."

"ಇನ್ನೇನ್ ಅನ್ಲಿ." ಅವನು ಟವಲನ್ನು ಹೆಗಲಿನಿಂದ ತೆಗೆದು ಕೈಗೆ ಸುತ್ತಿಕೊಂಡ. "ನನ್ ದೊಡ್ಮಗಳು ಗಾಡೀಲಿ ಮನಗಿದ್ಲು ಬುದ್ಧಿ. ನಾನು ಮೂಕಿ ಮೇಲೆ ಕುಂತು ಎತ್ತು ಒಡೀತಿದ್ದೆ. ಕೆರೆ ಏರಿ ದಾಟ್ತಿದ್ದಂಗೆ, ಅಪ್ಪಾ ಎಷ್ಟು ದೂರ ಅಂದ್ಲು. ಇಲ್ಲೇ ಕಣವ್ವ ಅಂದೆ. ಅಳ್ಳದತ್ರ ಕೇಳುದ್ಲು. ಇಲ್ಲೇ ಅಂದೆ. ಆಮ್ಯಾಕೆ ಎರಡ್ ಕಿತ ಕೇಳುದ್ಲು, ಎರಡ್ ಕಿತಾನೂ ಅಂದೆ. ಉಣಸೇಮರದತ್ರ ಅವ್ಳು ಕೇಳ್ಲಿಲ್ಲ."

ಅಯ್ಯಂಗಾರರ ಪೆನ್ಸಿಲು ನಿಂತಿತು. "ಆಮೇಲೆ?"

"ಆಮ್ಯಾಕೂ ಅಂದೆ. ತಿರುಗಿ ನೋಡ್ಲಿಲ್ಲ ನಾನು. ಮಳವಳ್ಳಿ ಬರೋಗಂಟ ಅಂತಾನೇ ಇದ್ದೆ." ಚಿಕ್ಕಬೋರಯ್ಯ ಟವಲಿನಿಂದ ಮುಖ ಒರೆಸಿಕೊಂಡ. "ಒಂಬತ್ ಮೈಲಿ ಬುದ್ಧಿ. ಇಲ್ಲಿಂದ ಮರಕ್ಕೆ ನಾಕು. ಅಲ್ಲಿಂದ ಐದು."

ಅಯ್ಯಂಗಾರರು ಬಹಳ ಹೊತ್ತು ಬರೆದರು. ಬರೆದುದನ್ನು ಓದಿ ಹೇಳಿ ಚಿಕ್ಕಬೋರಯ್ಯನ ಹೆಬ್ಬೆಟ್ಟು ಒತ್ತಿಸಿಕೊಂಡರು. ಅದರ ಕೆಳಗೆ ತಾವೇ ಒಂದು ಸಾಲು ಸೇರಿಸಿದರು: "ಉಳಿದ ಹನ್ನೊಂದು ಮಂದಿಯ ಹೇಳಿಕೆಗೂ ಇದೇ ಬಗೆಯ ಕಾರಣವೆಂದು ಓದಿಕೊಳ್ಳತಕ್ಕದ್ದು." ಕಾನೂನಿನಲ್ಲಿ ಅಂಥ ಸಾಲಿಗೆ ಎಡೆಯಿದೆಯೇ ಎಂಬುದನ್ನು ಯಾರೂ ಕೇಳಲಿಲ್ಲ. ಮಾರನೆಯ ಬೆಳಿಗ್ಗೆ ಬೂಟನ್ನು ಕೈಯಲ್ಲಿ ಹಿಡಿದು, ಬರಿಗಾಲಿನಲ್ಲಿ, ಅವರು ಮಳವಳ್ಳಿಗೆ ಹಿಂದಿರುಗಿದರು. ದಾರಿಯಲ್ಲಿ ಯಾರನ್ನೂ ದೂರ ಕೇಳಲಿಲ್ಲ. ಸಣ್ಣತಾಯಮ್ಮ ಮಾತ್ರ ಅವರು ಕೇಳದಿದ್ದರೂ, "ಮಳವಳ್ಳಿ ಇಲ್ಲೇ ಕಣಪ್ಪ," ಎಂದಳಂತೆ.

ಮಂಜೂರಾತಿ ಬಂದದ್ದು ಕಾರ್ತಿಕದ ಮೊದಲ ವಾರ. ನರ್ಸಮ್ಮ ಇಂಥ ದಿನ ಮಂಡ್ಯದ ಬಸ್ಸಿನಲ್ಲಿ ಮಳವಳ್ಳಿಗೆ ಇಳಿಯುವರೆಂದು ಪಟೇಲರಿಗೆ ತಿಳಿಸಿದ್ದರು. ಅದೇ ದಿನ ಬೆಳಕು ಹರಿಯುವ ಮುಂಚೆ ಚಿಕ್ಕನಂಜಮ್ಮನಿಗೆ ನೋವು ಕಾಣಿಸಿತು. ಬೀರಮ್ಮ ಹೊಟ್ಟೆಯ ಮೇಲೆ ಕೈಯಾಡಿಸಿ, ಹೊರಗೆ ಬಂದು, ಚಿಕ್ಕಬೋರಯ್ಯನಿಗೆ ಕೇಳುವಷ್ಟೇ ಮೆಲ್ಲಗೆ ಹೇಳಿದಳು: "ಅವ್ಳಕ್ಕಂದೂ ಇಂಗೇ ಇತ್ತು. ಓಗಿ ಆ ಯಮ್ಮನ್ನ ಕರ್ಕೊಂಡ್ ಬಾ. ಓಡು."

ಅವನು ಓಡಿದ. ಹಿಂದೆ ಸಾಮಾನಿಗೆಂದು ಹುಚ್ಚೀರಯ್ಯನ ಗಾಡಿ ಬಂತು; ಹುಚ್ಚೀರಯ್ಯ ಯಾರೂ ಕೇಳುವ ಮುಂಚೆಯೇ ಎತ್ತು ಕಟ್ಟಿದ್ದ.

ನರ್ಸು ಯಶೋದಮ್ಮ ಬಸ್ಸಿನಿಂದ ಇಳಿದಾಗ ಅವಳ ಮುಂದೆ ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡ ಒಬ್ಬ ಮನುಷ್ಯ ನಿಂತಿದ್ದ. ಅವನು ಅವಳ ಟ್ರಂಕನ್ನು ಎತ್ತಿಕೊಂಡ. ಹುಚ್ಚೀರಯ್ಯನೇ ಸಂಗತಿ ತಿಳಿಸಿದ. ಗಾಡಿಗಿಂತ ಕಾಲು ಬೇಗವೋ ಎಂದು ಅವಳು ಕೇಳಿದಳು. ಹಳ್ಳದ ಕೆಸರು ಆರಿಲ್ಲ, ಕಾಲೇ ಬೇಗ ಎಂದ. ಟ್ರಂಕನ್ನು ಗಾಡಿಗೆ ಹಾಕಿಸಿ, ಕೈಚೀಲವೊಂದನ್ನು ಹಿಡಿದು, ಸೆರಗು ಸಿಕ್ಕಿಸಿಕೊಂಡು ಯಶೋದಮ್ಮ ನಡೆದೇಬಿಟ್ಟಳು. ನಂಜನಗೂಡಿನ ಕಡೆಯ ಹೆಂಗಸು. ಈ ಸೀಮೆಯನ್ನು ಕಂಡದ್ದು ಅಂದೇ ಮೊದಲು.

ದಾರಿಯ ಉದ್ದಕ್ಕೂ ಅವಳು ದೂರ ಕೇಳಲಿಲ್ಲ. ಚಿಕ್ಕಬೋರಯ್ಯ ಮುಂದೆ ಮುಂದೆ ನಡೆಯುತ್ತಿದ್ದ. ಹುಣಸೆಮರದ ಹತ್ತಿರ ಬರುತ್ತಲೂ ಅವನ ಕಾಲು ನಿಂತಿತು. ಮೂವತ್ತು ವರ್ಷ ಆ ದಾರಿಯನ್ನು ತುಳಿದ ಕಾಲು, ಎತ್ತಿದರೆ ಏಳಲೊಲ್ಲದು. ಇನ್ನು ನಾಲ್ಕು ಮೈಲಿ. ಅದರಲ್ಲಿ ಎಷ್ಟು ಕಲ್ಲು, ಎಷ್ಟು ತಿರುವು, ಎಷ್ಟು ಏರು ಎಂಬುದೆಲ್ಲ ಅವನಿಗೆ ಗೊತ್ತಿತ್ತು. ಅಷ್ಟು ಗೊತ್ತಿದ್ದುದೇ ಕಾಲಿಗೆ ಕಟ್ಟಿದ ಗುಂಡಿನಂತಾಯಿತು. ಅವನು ದಾರಿಯ ನಡುವೆಯೇ ಕುಳಿತುಬಿಟ್ಟ.

ಹಿಂದಿನಿಂದ ಬಂದ ಯಶೋದಮ್ಮ ಅವನನ್ನು ನೋಡಿದಳು. ಮುಂದಿನ ದಾರಿಯನ್ನು ನೋಡಿದಳು. ಅದು ಒಂದು ದಿಣ್ಣೆಯನ್ನು ಹತ್ತಿ ಆಚೆಗೆ ಇಳಿದು ಹೋಗಿತ್ತು; ಅದರ ಆಚೆಗೆ ಏನಿದೆಯೆಂದು ಅವಳಿಗೆ ತಿಳಿಯದು. ಊರು ಯಾವ ದಿಕ್ಕಿಗೆ ಎಂಬುದೂ ತಿಳಿಯದು.

"ಏಳಪ್ಪ," ಎಂದಳು. "ಇಲ್ಲೇ ಬಂತಲ್ಲ ನಿಮ್ಮೂರು."

ಚಿಕ್ಕಬೋರಯ್ಯ ತಲೆಯೆತ್ತಿ ಅವಳ ಮುಖ ನೋಡಿದ. ಆಮೇಲೆ ಎದ್ದ. ಆ ಮಾತನ್ನು ನಂಬಿದವನಂತೆ ನಡೆದ.

ಕೊಪ್ಪಲಿನಲ್ಲಿ ಬೆಳಗಿನಿಂದಲೂ ಚಿಕ್ಕನಂಜಮ್ಮ ಒಂದೇ ಪ್ರಶ್ನೆ ಕೇಳುತ್ತಿದ್ದಳು. "ಅಪ್ಪ ಇನ್ನೂ ಎಷ್ಟು ದೂರದಲ್ಲವ್ರೆ ಅಜ್ಜಿ?" ಬೀರಮ್ಮ ಮಂಜುಗಣ್ಣಿನಿಂದ ಬಾಗಿಲ ಕಡೆಗೆ ತಿರುಗಿ, ಏನೂ ಕಾಣದೆ, ಪ್ರತಿಸಲವೂ ಒಂದೇ ಉತ್ತರ ಕೊಡುತ್ತಿದ್ದಳು. ಚಿಕ್ಕಬೋರಯ್ಯ ಕೆರೆ ಏರಿ ಹತ್ತಿದಾಗಲೂ ಕೊಟ್ಟಳು. ಹುಲ್ಲುಮೆದೆ ದಾಟಿದಾಗಲೂ ಕೊಟ್ಟಳು. ಅವಳು ಕೊನೆಯ ಸಲ "ಇಲ್ಲೇ ಕಣವ್ವ" ಎಂದಾಗ ಯಶೋದಮ್ಮ ಹೊಸಿಲಾಚೆ ನಿಂತು ಕಾಲಿಗೆ ನೀರು ಹಾಕಿಕೊಳ್ಳುತ್ತಿದ್ದಳು.

ನೆರಳು ಮೂಡಲಿಗೆ ವಾಲುವ ಹೊತ್ತಿಗೆ ಹೆಣ್ಣುಮಗು ಹುಟ್ಟಿತು, ತಾಯಿ ಉಳಿದಳು. ಆ ಸೀಮೆಯಲ್ಲಿ ಅಷ್ಟು ಕಾಲದಿಂದ ಅಷ್ಟು ಜನ ಆಡಿಕೊಂಡು ಬಂದ ಮಾತು, ಅಳತೆಗೆ ಒಂದು ಗೇಣೂ ತಪ್ಪದೆ ಸರಿಬಂದದ್ದು ಬೀರಮ್ಮನ ಬಾಯಲ್ಲಿ ಅದೊಂದೇ ಸಲ ಎಂದು ಕೊಪ್ಪಲಿನವರು ಹೇಳುತ್ತಾರೆ.